ಬಲಗಡೆಯವಳಿಗೆ

ಆರು ಗಂಟೆಗೆ ಕಾಫಿ, ಆಮೇಲೆ ಮಾತ್ರೆ.
ಬೇಳೆಕಾಳಿನ ಗಾತ್ರ, ಬಿಳಿ, ರುಚಿಯಿಲ್ಲ.
ನನಗಾಗಿಯೂ ಹೌದು, ಆದರೆ ನಿನ್ನ ಹೆಸರಲ್ಲೇ ನುಂಗುತ್ತೇನೆ.
ನನ್ನ ಬಾಯಿಂದ ಈಗ ನೀನು ಉಣ್ಣುತ್ತೀ,
ಒಂದು ಕಾಲಕ್ಕೆ ನಿನ್ನಿಂದ ಮಗಳು ಉಂಡ ಹಾಗೆ.

ನಿನ್ನ ಜೊತೆಯವಳು ಹೋಗಿ ಹದಿನಾಲ್ಕು ತಿಂಗಳು.
ಅವಳಿದ್ದಲ್ಲಿ ಒಂದು ಅಡ್ಡಗೆರೆ,
ದೋಣಿಯ ಮೈಗೆ ನೀರಿನ ಮಟ್ಟ ಗುರುತು ಹಾಕಿದಂತೆ.
ಅಮಾರೊ ಮೊದಲ ವಾರ ನೋಡಲಿಲ್ಲ.
ಎರಡನೆಯ ವಾರ ನೋಡಿ, ಏನೂ ಹೇಳದೆ
ಹೋಗಿ ಆಕ್ಟೋಪಸ್ ಬೇಯಿಸಿದ. ಉಪ್ಪು ಹೆಚ್ಚಾಗಿತ್ತು.

ನಿನ್ನನ್ನು ನಾನು ಅಷ್ಟಾಗಿ ಮಾತಾಡಿಸಿದವಳಲ್ಲ.
ಈಗ ಸ್ನಾನದಲ್ಲಿ ದಿನಾ ವಿಚಾರಣೆ:
ಇದೇನು ಗಂಟು? ನಿನ್ನೆ ಇತ್ತೇ?
ಪಕ್ಕೆಲುಬು ಅದು, ಪೆದ್ದಿ, ಹುಟ್ಟಿದಾಗಿನಿಂದ ಇದೆ.
ಪೊಲೀಸಿನವಳು ನಾನು, ಏನೂ ಕದಿಯದವಳು ನೀನು,
ಕದ್ದವಳ ಅವಳಿ ಎಂಬುದಷ್ಟೇ ನಿನ್ನ ತಪ್ಪು.

ನಾನೇ ಕೇಳಿದ್ದೆ, ಮುಚ್ಚಿಡುವುದೇಕೆ?
ಕೊರೂನ್ಯದ ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ
'ಇದನ್ನೂ ತೆಗೆದುಬಿಡಿ' ಅಂದೆ,
ಮೇಜಿನ ಮೇಲಿನ ಎಂಜಲು ಲೋಟ ತೋರಿಸಿದ ಹಾಗೆ.
ಡಾಕ್ಟರ್ ಬ್ರಿಶಿದಾ ಪೆನ್ನು ಕೆಳಗಿಟ್ಟಳು.
ರಕ್ತಪರೀಕ್ಷೆ ಬಂದಿದೆ, ಡೊರಿಂದಾ,
ನಿಮ್ಮಲ್ಲಿ ಆ ತಪ್ಪಕ್ಷರ ಇಲ್ಲ.
ನಿಮ್ಮಂಥ ನೂರು ಹೆಂಗಸರಲ್ಲಿ, ಹತ್ತು ವರ್ಷದೊಳಗೆ
ಇನ್ನೊಂದು ಕಡೆ ಬರುವುದು ನಾಲ್ಕೈದು ಜನಕ್ಕೆ.
ಮಾತ್ರೆ ತಪ್ಪಿಸದಿದ್ದರೆ ಅದೂ ಅರ್ಧಕ್ಕಿಳಿದೀತು.
ತೆಗೆದರೆ ಆಯುಷ್ಯ ಹೆಚ್ಚುತ್ತದೆ ಎನ್ನಲಾರೆ.
ನಿದ್ದೆ ಹೆಚ್ಚಬಹುದು. ಅದೂ ಸಣ್ಣದಲ್ಲ. ನೀವೇ ಹೇಳಿ.

ನೂರು ಹೆಂಗಸರು! ನಮ್ಮ ಮಾಲ್ಪೀಕಾದ ಬಂದರುಕಟ್ಟೆಯಲ್ಲಿ
ಬಲೆ ಹೊಲಿಯುವವರು ಹನ್ನೊಂದೇ ಮಂದಿ.
ನಾಲ್ಕೂವರೆ ಎಂದರೆ, ಆ ಅರ್ಧದವಳು ಹೇಗಿದ್ದಾಳು?
ನನ್ನ ಹಾಗೇ ಇರಬೇಕು ಎಂದು ನಕ್ಕೆ,
ವಾಪಸು ಬರುವ ಬಸ್ಸಿನಲ್ಲಿ, ಒಬ್ಬಳೇ.

ಕಸುಬನ್ನು ಕೇಳಿದರೆ ಅದಕ್ಕೆ ಎರಡು ನಾಲಗೆ.
ತೂತು ಹೊಲಿಯುವ ಮೊದಲು ಸುತ್ತಲಿನ ಗಟ್ಟಿ ಕಣ್ಣುಗಳನ್ನೂ
ಚಾಕುವಿನಿಂದ ಬಿಡಿಸುತ್ತೇವೆ, ಅಂಚು ನೆಟ್ಟಗಾಗಲಿ ಎಂದು.
ಆದರೆ ಬಲೆಯ ಆಚೆ ತುದಿಯನ್ನು,
ಇನ್ನೂರು ಮಾರು ದೂರದಲ್ಲಿ ತಣ್ಣಗೆ ಬಿದ್ದಿರುವುದನ್ನು
ಬರಿ ಅನುಮಾನಕ್ಕೆ ಕತ್ತರಿಸಿದವರನ್ನು ನಾನು ಕಂಡಿಲ್ಲ.
ಎಳೆದು ನೋಡುತ್ತೇವೆ, ಕೈಯಿಂದ ಕೈಗೆ ದಾಟಿಸಿ,
ಒಂದೊಂದು ಕಣ್ಣನ್ನೂ ಬೆಳಕಿಗೆ ಹಿಡಿದು.

ಎರ್ಮಿತಾಸ್ ಕತ್ತರಿಸಿದಳು. ಎರಡನ್ನೂ, ಒಂದೇ ದಿನ.
ಅವಳ ರಕ್ತದಲ್ಲಿ ಅದು ಇತ್ತು. ಅಮ್ಮ, ಚಿಕ್ಕಮ್ಮ, ಅಕ್ಕ,
ಅವಳ ಗೋಡೆಯ ಫೋಟೋದವರು ಯಾರೂ ಐವತ್ತು ದಾಟಿಲ್ಲ.
ಈಗ ನನ್ನೆದುರು ಕೂತು, ಸಪಾಟು ಎದೆಗೆ
ಹಸಿರು ನೈಲಾನಿನ ಉಂಡೆ ಆನಿಸಿಕೊಂಡು ಹಾಡುತ್ತಾಳೆ.
ಹಾಡು ಅಪಸ್ವರ, ನಿದ್ದೆ ಮಾತ್ರ ಶ್ರುತಿಯಲ್ಲಿದೆ.
ಅವಳ ಲೆಕ್ಕ ಅವಳದು. ನಾನು ಕೂಡಿಸಲು ಹೋಗುವುದಿಲ್ಲ.

ನಿನ್ನ ಕಾವಲಿಗೆ ನಾನು ತೆರುವುದನ್ನು ಕೇಳು:
ರಾತ್ರಿ ಎರಡಕ್ಕೆ ಒಳಗಿನಿಂದ ಬೆಂಕಿ.
ಹೊದಿಕೆ ಒದ್ದು ಜನವರಿಯ ಕಿಟಕಿ ತೆರೆಯುತ್ತೇನೆ,
ಅಮಾರೊ ಉಣ್ಣೆಯ ಟೋಪಿ ಹಾಕಿಕೊಂಡು ಮಲಗುತ್ತಾನೆ.
ಮೀನಖಂಡದಲ್ಲಿ ಸೆಳೆತ,
ಹೆಸರಿಗೆ ತಕ್ಕಂತೆ ಒಳಗೊಂದು ಮೀನು ಸಿಕ್ಕಿಬಿದ್ದು ಒದ್ದಾಡುತ್ತದೆ.
ಹೀಗೆ ಇನ್ನೂ ನಾಲ್ಕು ವರ್ಷ.
ಒಮ್ಮೆ ಸಿಟ್ಟಿಗೆ ಮೂರು ದಿನ ನುಂಗಲಿಲ್ಲ.
ನಾಲ್ಕನೆಯ ದಿನ ಉಶೀಯಾ ಮಾತ್ರೆಯ ಪಟ್ಟಿ ಎಣಿಸಿ
ಬಾಯಿಬಿಡದೆ ಕಾಫಿಯ ಪಕ್ಕ ಇಟ್ಟಳು.
ಬಾಕಿಯ ಮೂರನ್ನಲ್ಲ. ಆ ದಿನದ ಒಂದನ್ನು.

ನಿನ್ನೆ ನಿನ್ನನ್ನು ತಣ್ಣನೆಯ ಹಲಗೆಗಳ ನಡುವೆ ಒತ್ತಿದರು,
ಉಪ್ಪು ಸುರಿದು ಕಲ್ಲು ಹೇರಿದ ಬೂತಾಯಿಯಂತೆ.
ಉಸಿರು ಹಿಡಿಯಿರಿ, ಅಂದಳು ಹುಡುಗಿ.
ಹಿಡಿದೆ. ಅದು ನನಗೆ ಬರುವ ವಿದ್ಯೆ.
ಬಿರುಗಾಳಿಯ ಸಂಜೆ ಕಟ್ಟೆಯ ಮೇಲೆ ನಿಂತು
ಏಳು ದೋಣಿ, ಎಂಟು ದೋಣಿ ಎಂದು ಎಣಿಸುವಾಗ
ಊರ ಹೆಂಗಸರೆಲ್ಲ ಹಿಡಿಯುವ ಉಸಿರು.
ಬಿಡಿ, ಅಂದಳು.

ವರದಿ ಗುರುವಾರ.
ಇವತ್ತು ಮಂಗಳವಾರ, ಕಾಫಿ ತಣ್ಣಗಾಗುತ್ತಿದೆ.
ತಗೋ, ಬಾಯಿ ತೆರೆ.